ಅಣ್ಣ ಉದೋಂ, ತಮ್ಮ ಬೋಲ್ಯೂ: ಕ್ವಿಬೆಕ್ ವಂಶಾವಳಿಯ ಬಗ್ಗೆ ಓದುಗರ ಪ್ರಶ್ನೆಗಳು

ಕೆನಡಾ ಮತ್ತು ಅಮೆರಿಕದಲ್ಲಿ ನೆಲೆಸಿರುವ ಓದುಗರಿಂದ ಕೆನಡಾದ ಫ್ರೆಂಚ್ ಭಾಷಿಕ ಪ್ರಾಂತ್ಯವಾದ ಕ್ವಿಬೆಕ್‌ನ ಫ್ರೆಂಚ್-ಕೆನಡಿಯನ್ ಮನೆತನಗಳ ಮೂಲ ಹುಡುಕುವ ಬಗ್ಗೆ ಹಲವು ಪತ್ರಗಳು ಬಂದಿವೆ. ಪತ್ರ ಬರೆದವರಲ್ಲಿ ಹೆಚ್ಚಿನವರು ಆ ಮನೆತನಗಳೊಂದಿಗೆ ಬೀಗತನ ಬೆಳೆಸಿದವರು. ಪ್ರಶ್ನೆಗಳು ಒಂದಕ್ಕೊಂದು ಹೊಂದಿಕೊಂಡಿರುವುದರಿಂದ ಅವನ್ನು ಒಟ್ಟಿಗೇ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಅಳಿಯ ಕ್ವಿಬೆಕ್‌ನವರು, ಅವರ ಕುಲನಾಮ ಬೋಲ್ಯೂ. ಮೊಮ್ಮಕ್ಕಳಿಗಾಗಿ ವಂಶವೃಕ್ಷ ಬರೆಯಲು ಹೊರಟಾಗ, ಅವರ ಮುತ್ತಜ್ಜನ ಹೆಸರು ಒಂದು ದಾಖಲೆಯಲ್ಲಿ ಬೋಲ್ಯೂ, ಇನ್ನೊಂದರಲ್ಲಿ ಉದೋಂ, ಮತ್ತೊಂದರಲ್ಲಿ ‘ಉದೋಂ ದಿ ಬೋಲ್ಯೂ’ ಎಂದಿದೆ. ಇವರು ಒಬ್ಬರೇ ವ್ಯಕ್ತಿಯೇ? ಇವುಗಳಲ್ಲಿ ನಿಜವಾದ ಹೆಸರು ಯಾವುದು?

ಮೂರೂ ನಿಜವಾದ ಹೆಸರುಗಳೇ, ಮತ್ತು ಅವರು ಒಬ್ಬರೇ ಆಗಿರುವ ಸಾಧ್ಯತೆ ಬಹಳ ಹೆಚ್ಚು. ಮಧ್ಯದಲ್ಲಿರುವ ‘ದಿ’ ಎಂಬುದಕ್ಕೆ ‘ಎಂದು ಕರೆಯಲ್ಪಡುವ’ ಎಂದಷ್ಟೇ ಅರ್ಥ. ಮೊದಲನೆಯದು ಹುಟ್ಟಿನಿಂದ ಬಂದ ಕುಲನಾಮ, ಎರಡನೆಯದು ಆಮೇಲೆ ಅಂಟಿಕೊಂಡ ಅಡ್ಡಹೆಸರು. ಆದರೆ ನಾವು ಸಾಮಾನ್ಯವಾಗಿ ಅಡ್ಡಹೆಸರು ಎಂದರೆ ಒಬ್ಬನಿಗೇ ಸೀಮಿತವಾದ, ಅವನೊಂದಿಗೇ ಮುಗಿಯುವ ಹೆಸರು ಎಂದು ಭಾವಿಸುತ್ತೇವೆ. ಅಲ್ಲಿ ಹಾಗಲ್ಲ. ಅದು ಮಕ್ಕಳಿಗೂ ಮೊಮ್ಮಕ್ಕಳಿಗೂ ಇಳಿದು, ಕೆಲವು ಕವಲುಗಳಲ್ಲಿ ಮೂಲ ಕುಲನಾಮವನ್ನೇ ಬದಿಗೆ ಸರಿಸಿ ತಾನೇ ಕುಲನಾಮವಾಗಿ ನಿಂತುಬಿಡುತ್ತದೆ. 17ನೆಯ ಶತಮಾನದಲ್ಲಿ ಫ್ರಾನ್ಸಿನ ಆಂಜೂ ಪ್ರಾಂತ್ಯದಿಂದ ಬಂದು, ಸೇಂಟ್ ಲಾರೆನ್ಸ್ ನದಿಯ ದಕ್ಷಿಣ ದಡದ ರಿವಿಯೇರ್-ವೆಲ್‌ನಲ್ಲಿ ನೆಲೆಸಿದ ಪಿಯೇರ್ ಉದೋಂ ದಿ ಬೋಲ್ಯೂ ಎಂಬಾತನ ಸಂತತಿಯಲ್ಲಿ ಇಂದು ಉದೋಂಗಳೂ ಇದ್ದಾರೆ, ಬೋಲ್ಯೂಗಳೂ ಇದ್ದಾರೆ. ಒಂದೇ ತಾಯಿಯ ಮಕ್ಕಳಲ್ಲಿ ಅಣ್ಣ ಉದೋಂ ಎಂದೂ ತಮ್ಮ ಬೋಲ್ಯೂ ಎಂದೂ ಬರೆಸಿಕೊಂಡಿದ್ದರೆ ಅದರಲ್ಲಿ ಅಚ್ಚರಿಯೇನೂ ಇಲ್ಲ. ಹಾಗೆಂದು ಇಂದಿನ ಬೋಲ್ಯೂಗಳೆಲ್ಲರೂ ಇದೇ ಮೂಲದವರೆಂದು ತಿಳಿಯಬಾರದು, ಏಕೆಂದರೆ ಒಂದೇ ಅಡ್ಡಹೆಸರನ್ನು ಪರಸ್ಪರ ಸಂಬಂಧವೇ ಇಲ್ಲದ ಹಲವು ಮನೆತನಗಳು ಹೊತ್ತಿರುವುದುಂಟು.

ಈ ಪದ್ಧತಿಯ ಒಂದು ದೊಡ್ಡ ಮೂಲ ಸೈನ್ಯ. ಫ್ರೆಂಚ್ ಸೈನ್ಯಕ್ಕೆ ಸೇರಿದ ಸಾಮಾನ್ಯ ಸಿಪಾಯಿಗೆ ಒಂದು ‘ಯುದ್ಧನಾಮ’ ಕೊಡುವುದು ರೂಢಿಯಾಗಿತ್ತು. 1665ರಲ್ಲಿ ಮೂಲನಿವಾಸಿಗಳಾದ ಇರೊಕ್ವಾ ಜನರೊಂದಿಗಿನ ಯುದ್ಧಕ್ಕಾಗಿ ಕ್ವಿಬೆಕ್‌ಗೆ ಬಂದಿಳಿದ ಕಾರಿನ್ಯಾನ್-ಸಾಲಿಯೇರ್ ರೆಜಿಮೆಂಟಿನ ಸುಮಾರು 1,200 ಸೈನಿಕರಲ್ಲಿ ಏನಿಲ್ಲವೆಂದರೂ 400 ಮಂದಿ ಅಲ್ಲಿಯೇ ಜಮೀನು ಪಡೆದು ಉಳಿದುಕೊಂಡರು. ಅವರೊಂದಿಗೆ ಲಾಫ್ಲರ್ (ಹೂವು), ಜೋಲಿಕೇರ್ (ಚೆಲುವ ಹೃದಯದವ), ಸಾನ್‌ರೆಗ್ರೆ (ವಿಷಾದವಿಲ್ಲದವ), ಟ್ರಾಂಶ್‌ಮೊಂತಾನ್ಯ್ (ಬೆಟ್ಟ ಸೀಳುವವ) ಮುಂತಾದ ಹೆಸರುಗಳೂ ಆ ನೆಲಕ್ಕೆ ಬಂದವು. ಒಬ್ಬ ರೈತನ ಹೆಸರಿನಲ್ಲಿ ಹೂವೋ ಹಣ್ಣೋ ಇದ್ದರೆ ಅವನ ಪೂರ್ವಜ ತೋಟಗಾರನಾಗಿದ್ದಿರಬೇಕೆಂದು ಊಹಿಸುವ ಬದಲು, ಬಂದೂಕು ಹಿಡಿದವನಾಗಿದ್ದನೇ ಎಂದು ಮೊದಲು ನೋಡುವುದು ಜಾಣತನ. ಸೈನ್ಯದ ಹೊರತಾಗಿ, ಬಂದ ಊರು ಅಥವಾ ಪ್ರಾಂತ್ಯವೂ ಹೆಸರಾಗುತ್ತಿತ್ತು: ಆಂಜೂವಿನವನು ಲಾಂಜೆವಾಂ, ನಾರ್ಮಂಡಿಯವನು ನೊರ್ಮಾಂ, ಬ್ರಿಟನಿಯವನು ಬ್ರೆತೋಂ. ಕೆಲವೊಮ್ಮೆ ತಂದೆಯ ಮೊದಲ ಹೆಸರು, ತಾಯಿಯ ಮನೆತನ ಅಥವಾ ಉಳುತ್ತಿದ್ದ ಜಮೀನಿನ ಗುರುತೇ ಸಾಕಾಗುತ್ತಿತ್ತು.

ಜೋಡಿ ಹೆಸರುಗಳು ಹೆಚ್ಚುಕಡಿಮೆ 19ನೆಯ ಶತಮಾನದ ಕೊನೆಯವರೆಗೂ ದಾಖಲೆಗಳಲ್ಲಿ ಸಿಗುತ್ತವೆ; ಆಮೇಲೆ ಒಂದೊಂದು ಮನೆಯೂ ಎರಡರಲ್ಲಿ ಒಂದನ್ನು ಉಳಿಸಿಕೊಂಡಿತು. ಆದ್ದರಿಂದ ನೀವು ವಂಶವೃಕ್ಷದಲ್ಲಿ ಪ್ರತಿ ತಲೆಮಾರಿನವರ ಹೆಸರನ್ನೂ ದಾಖಲೆಯಲ್ಲಿ ಇದ್ದ ಹಾಗೆಯೇ ಬರೆಯಿರಿ, ಎಲ್ಲರನ್ನೂ ಬೋಲ್ಯೂ ಎಂದು ‘ಸರಿಪಡಿಸಲು’ ಹೋಗಬೇಡಿ. ಅಕ್ಷರಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಊರಿನ ಹೆಚ್ಚಿನ ಜನರಿಗೆ ಓದುಬರಹ ಬಾರದಿದ್ದ ಕಾಲದಲ್ಲಿ ಪಾದ್ರಿ ಕಿವಿಗೆ ಬಿದ್ದಂತೆ ಬರೆದುಕೊಳ್ಳುತ್ತಿದ್ದರು. ಫ್ರೆಂಚ್‌ನಲ್ಲಿ ಕೊನೆಯ ಅಕ್ಷರಗಳನ್ನು ಎಷ್ಟೋ ಬಾರಿ ಉಚ್ಚರಿಸುವುದೇ ಇಲ್ಲವಾದ್ದರಿಂದ, ಒಂದೇ ಉಚ್ಚಾರಣೆಗೆ ನಾಲ್ಕಾರು ಬರವಣಿಗೆಗಳು ಸಿಗುವುದು ಸಾಮಾನ್ಯ.

ಪ್ರಶ್ನೆ: ಹೆಸರುಗಳನ್ನೇ ನಂಬುವಂತಿಲ್ಲವಾದರೆ ಹುಡುಕಾಟ ಎಲ್ಲಿಂದ ಶುರುಮಾಡಬೇಕು? ಎಷ್ಟು ಹಿಂದಕ್ಕೆ ಹೋಗಲು ಸಾಧ್ಯ?

ಮದುವೆಯ ದಾಖಲೆಯಿಂದ ಶುರುಮಾಡಿ, ಮದುವೆಯಿಂದ ಮದುವೆಗೆ ಹೋಗಿ. ಕ್ವಿಬೆಕ್‌ನ ಕ್ಯಾಥೊಲಿಕ್ ಪ್ಯಾರಿಷ್‌ಗಳ (ಒಂದೊಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶಗಳ) ಪುಸ್ತಕಗಳಲ್ಲಿ ಜ್ಞಾನಸ್ನಾನ, ಮದುವೆ, ಅಂತ್ಯಸಂಸ್ಕಾರ ಮೂರೂ ದಾಖಲಾಗಿವೆ. ಆದರೆ ವಂಶಾವಳಿಯ ದೃಷ್ಟಿಯಿಂದ ಮದುವೆಯ ದಾಖಲೆಗೆ ಇರುವ ಬೆಲೆ ಉಳಿದ ಎರಡಕ್ಕೆ ಇಲ್ಲ. ಹಳೆಯ ದಾಖಲೆಯೊಂದನ್ನು ತೆರೆದರೆ ಸಾಮಾನ್ಯವಾಗಿ ಕಾಣುವುದು ಇಷ್ಟು: ಸತತ ಮೂರು ಬಾರಿ ಚರ್ಚಿನಲ್ಲಿ ಮದುವೆಯ ಪ್ರಕಟಣೆ ಓದಲಾಯಿತು ಎಂಬ ಮಾತು, ವರನ ಹೆಸರು ಮತ್ತು ಅವನ ತಂದೆ-ತಾಯಿ ಇಬ್ಬರ ಹೆಸರು, ಅವರು ಯಾವ ಪ್ಯಾರಿಷ್‌ನವರು, ತೀರಿಕೊಂಡಿದ್ದರೆ ಹೆಸರಿನ ಹಿಂದೆ ‘ದಿವಂಗತ’ ಎಂಬ ಗುರುತು, ವಧುವಿಗೂ ಅದೇ ಕ್ರಮ, ಆಮೇಲೆ ಸಾಕ್ಷಿಗಳು, ಎಷ್ಟೋ ಕಡೆ ‘ವರನ ಅಣ್ಣ’, ‘ವಧುವಿನ ಚಿಕ್ಕಪ್ಪ’ ಎಂಬ ಸಂಬಂಧದೊಂದಿಗೆ, ಕೊನೆಯಲ್ಲಿ ‘ತಮಗೆ ಸಹಿ ಮಾಡಲು ಬಾರದೆಂದು ತಿಳಿಸಿದರು’ ಎಂಬ ವಾಕ್ಯ. ಒಂದು ಪುಟದಲ್ಲಿ ಎರಡು ತಲೆಮಾರು, ಎರಡು ಮನೆತನ ಸಿಕ್ಕಿದಂತಾಯಿತು. ಆ ತಂದೆ-ತಾಯಿಯ ಮದುವೆಯನ್ನು ಹುಡುಕಿದರೆ ಇನ್ನೊಂದು ತಲೆಮಾರು. ಹೀಗೆ ಹತ್ತು-ಹನ್ನೆರಡು ಮದುವೆಗಳನ್ನು ದಾಟುವ ಹೊತ್ತಿಗೆ 1600ರ ದಶಕಗಳಲ್ಲಿ ಹಡಗಿನಿಂದ ಇಳಿದವರ ಬಳಿಗೆ ಬಂದಿರುತ್ತೀರಿ. ಕ್ವಿಬೆಕ್‌ನ ಮನೆಗಳಲ್ಲಿ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ವಂಶಪಟ್ಟಿಯೂ ಇದೇ ರೀತಿಯದು: ಗಂಡನ ಹೆಸರು, ಹೆಂಡತಿಯ ಹೆಸರು, ನಡುವೆ ಮದುವೆಯ ದಿನಾಂಕ ಮತ್ತು ಸ್ಥಳ.

ಮೊದಲ ಎರಡು-ಮೂರು ಮೆಟ್ಟಿಲುಗಳೇ ನಿಜಕ್ಕೂ ಕಷ್ಟದವು. ಇತ್ತೀಚಿನ ಸುಮಾರು 100 ವರ್ಷಗಳ ದಾಖಲೆಗಳು ನಾಗರಿಕ ನೋಂದಣಿ ನಿರ್ದೇಶನಾಲಯದ ಸುಪರ್ದಿಯಲ್ಲಿರುತ್ತವೆ, ಅವು ಎಲ್ಲರಿಗೂ ಮುಕ್ತವಲ್ಲ. ಆದ್ದರಿಂದ ಅಳಿಯನವರ ಮನೆಯ ಹಿರಿಯರೊಂದಿಗೆ ಕುಳಿತು ಕೇಳಿ. ಪ್ರಾರ್ಥನಾ ಪುಸ್ತಕಗಳ ನಡುವೆ ತೀರಿಕೊಂಡವರ ಭಾವಚಿತ್ರ, ಮರಣದ ದಿನಾಂಕ ಮತ್ತು ಸಂಗಾತಿಯ ಹೆಸರು ಅಚ್ಚಾದ ಪುಟ್ಟ ಸ್ಮರಣಾ ಕಾರ್ಡುಗಳು ಇರುತ್ತವೆ. ಅಂಥ ಒಂದು ಕಾರ್ಡು ಎಷ್ಟೋ ದಿನಗಳ ಕೆಲಸವನ್ನು ಉಳಿಸುತ್ತದೆ. ಅದಕ್ಕೂ ಹಿಂದಿನ ದಾಖಲೆಗಳು ಕ್ವಿಬೆಕ್‌ನ ರಾಷ್ಟ್ರೀಯ ಗ್ರಂಥಾಲಯ ಮತ್ತು ಪತ್ರಾಗಾರದಲ್ಲಿವೆ. 1940ರ ದಶಕದಲ್ಲಿ ದ್ರೂಯಾಂ ಎಂಬ ವಂಶಾವಳಿ ಸಂಸ್ಥೆಯವರು ಪ್ರಾಂತ್ಯದ ರಿಜಿಸ್ಟರುಗಳನ್ನು ಮೈಕ್ರೋಫಿಲ್ಮ್ ಮಾಡಿದ್ದರ ಫಲ ಇಂದು ಅಂತರಜಾಲದಲ್ಲಿ ಲಭ್ಯವಿದೆ. ಮಾಂಟ್ರಿಯಲ್ ವಿಶ್ವವಿದ್ಯಾಲಯದಲ್ಲಿ 1966ರಲ್ಲಿ ಆರಂಭವಾದ ಐತಿಹಾಸಿಕ ಜನಸಂಖ್ಯಾ ಸಂಶೋಧನಾ ಯೋಜನೆಯು 1849ರವರೆಗಿನ ಕ್ಯಾಥೊಲಿಕ್ ದಾಖಲೆಗಳನ್ನು ಕುಟುಂಬವಾರು ಜೋಡಿಸಿದೆ. ಪಾದ್ರಿ ಸಿಪ್ರಿಯಾಂ ತಾಂಗೇ 1871ರಿಂದ 1890ರವರೆಗೆ ಏಳು ಸಂಪುಟಗಳಲ್ಲಿ ಹೊರತಂದ ವಂಶಾವಳಿ ಕೋಶವನ್ನೂ ಜನ ಈಗಲೂ ತೆರೆಯುತ್ತಾರೆ. ಅದೊಂದು ದೊಡ್ಡ ಸಾಹಸವೇ ಸರಿ, ಆದರೆ ತಪ್ಪುಗಳು ಸಾಕಷ್ಟಿವೆ. ದಾರಿ ತೋರಿಸುವ ಮಟ್ಟಿಗೆ ಅದನ್ನು ಬಳಸಿ, ಸಾಕ್ಷ್ಯವೆಂದು ಉಲ್ಲೇಖಿಸಬೇಡಿ.

ಇಷ್ಟು ದಾಖಲೆಗಳು ಉಳಿದು ಬಂದಿರುವುದಕ್ಕೆ ಕಾರಣ ಅವನ್ನು ಎರಡೆರಡು ಪ್ರತಿಗಳಲ್ಲಿ ಬರೆದದ್ದು. ಕ್ವಿಬೆಕ್‌ನಲ್ಲಿ 1679ರಿಂದ ಒಂದು ಪ್ರತಿ ಚರ್ಚಿನಲ್ಲಿ, ಇನ್ನೊಂದು ನ್ಯಾಯಾಲಯದ ವಶದಲ್ಲಿ ಇರಬೇಕೆಂಬ ನಿಯಮ ಜಾರಿಗೆ ಬಂತು. ಒಂದು ಸುಟ್ಟರೆ ಇನ್ನೊಂದಾದರೂ ಉಳಿಯುತ್ತದೆ. ಅದಕ್ಕೂ ಮೊದಲಿನ ಕಥೆ ಬೇರೆ: 1640ರಲ್ಲಿ ಕ್ವಿಬೆಕ್ ನಗರದ ಚರ್ಚಿಗೆ ಬೆಂಕಿ ಬಿದ್ದು ಮೊದಲ ರಿಜಿಸ್ಟರುಗಳು ಸುಟ್ಟುಹೋದವು, ಅವನ್ನು ಜನರ ನೆನಪಿನಿಂದ ಮತ್ತೆ ಬರೆಯಬೇಕಾಯಿತು. ಆ ವರ್ಷಕ್ಕಿಂತ ಹಿಂದಿನ ದಿನಾಂಕಗಳನ್ನು ಓದುವಾಗ ಇದು ನೆನಪಿರಲಿ. ಇಂದಿನ ನೋವಾ ಸ್ಕೋಷಿಯಾ ಕಡೆಯಲ್ಲಿದ್ದ ಫ್ರೆಂಚ್ ವಸಾಹತು ಅಕೇಡಿಯಾ ಮೂಲದ ಮನೆತನವಾದರೆ ಇನ್ನೂ ತೊಡಕು. 1755ರಲ್ಲಿ ಬ್ರಿಟಿಷರು ಅಲ್ಲಿನ ಫ್ರೆಂಚರನ್ನು ಹಡಗುಗಳಿಗೆ ತುಂಬಿ ಗಡೀಪಾರು ಮಾಡಿದಾಗ ಎಷ್ಟೋ ಪ್ಯಾರಿಷ್‌ಗಳ ಪುಸ್ತಕಗಳು ಕಳೆದುಹೋದವು. ಅಲ್ಲಿನ ಗ್ರಾನ್-ಪ್ರೇ ಎಂಬ ಊರಿನ ಪುಸ್ತಕಗಳಲ್ಲಿ ಕೆಲವು ಗಡೀಪಾರಾದವರೊಂದಿಗೇ ಸಾಗಿ, ಇಂದು ಲೂಯಿಸಿಯಾನದಲ್ಲಿವೆ.

ಮದುವೆಯ ಸರಪಳಿ ತುಂಡಾಗುವ ಜಾಗ ಸಾಮಾನ್ಯವಾಗಿ ಒಂದೇ: ಮರುಮದುವೆ. ವಿಧುರ ಅಥವಾ ವಿಧವೆ ಮತ್ತೆ ಮದುವೆಯಾದಾಗ ಪಾದ್ರಿ ಅವರ ತಂದೆ-ತಾಯಿಯ ಹೆಸರನ್ನು ಬರೆಯದೆ, ‘ದಿವಂಗತ ಇಂಥವರ ವಿಧವೆ’ ಎಂದಷ್ಟೇ ಬರೆದು ಮುಗಿಸುತ್ತಿದ್ದರು. ಅಲ್ಲಿ ನಿಲ್ಲಬೇಡಿ, ಆ ತೀರಿಕೊಂಡ ಸಂಗಾತಿಯೊಂದಿಗಿನ ಮೊದಲ ಮದುವೆಯನ್ನು ಹುಡುಕಿ. ಅದೂ ಸಿಗದಿದ್ದರೆ ನೋಟರಿಗಳ ಕಡತಗಳಿಗೆ ಹೋಗಬೇಕು. ಆಗಿನ ಫ್ರೆಂಚ್ ವಸಾಹತಾದ ನ್ಯೂ ಫ್ರಾನ್ಸ್‌ನಲ್ಲಿ ಪ್ಯಾರಿಸ್ ಪ್ರದೇಶದ ಕಾನೂನು ನಡೆಯುತ್ತಿದ್ದ ಕಾರಣ, ಹೆಚ್ಚಿನ ಜೋಡಿಗಳು ಚರ್ಚಿಗೆ ಹೋಗುವ ಮೊದಲು ನೋಟರಿಯ ಮುಂದೆ ಕುಳಿತು ಆಸ್ತಿಯ ಕರಾರು ಮಾಡಿಕೊಳ್ಳುತ್ತಿದ್ದರು. ಮನೆಯೊಡೆಯ ತೀರಿಕೊಂಡ ಮೇಲೆ ಬರೆದ ಆಸ್ತಿಪಟ್ಟಿಗಳಲ್ಲಿ ಕಬ್ಬಿಣದ ಕಡಾಯಿ, ಹರಿದ ಕಂಬಳಿ, ಗಬ್ಬದ ಹಸುವಿನವರೆಗೆ ಎಲ್ಲವೂ ಬೆಲೆಯ ಸಮೇತ ಸಿಗುತ್ತವೆ. ನನ್ನನ್ನು ಕೇಳಿದರೆ, ಇಡೀ ಹುಡುಕಾಟದಲ್ಲಿ ಅತ್ಯಂತ ಸ್ವಾರಸ್ಯದ ಓದು ಇದೇ. 1634ರಲ್ಲಿ ಪೇರ್ಶ್ ಪ್ರಾಂತ್ಯದಿಂದ ಬಂದ ಬಡಗಿ ಜಕಾರಿ ಕ್ಲೂತಿಯೇ, ಇಂದು ಅಸಂಖ್ಯ ಫ್ರೆಂಚ್-ಕೆನಡಿಯನ್ನರ ಪೂರ್ವಜ, ಇಂಥ ಕಾಗದಗಳಿಗೆ ಸಹಿಯ ಬದಲು ಒಂದು ಕೊಡಲಿಯ ಚಿತ್ರ ಬರೆಯುತ್ತಿದ್ದ.

ಪ್ರಶ್ನೆ: ಬೀಗರ ಮನೆಯ ಜ್ಞಾನಸ್ನಾನದ ದಾಖಲೆಗಳಲ್ಲಿ ಎಂಟು ಗಂಡುಮಕ್ಕಳ ಹೆಸರೂ ಜೋಸೆಫ್ ಎಂದಿದೆ, ಹೆಣ್ಣುಮಕ್ಕಳೆಲ್ಲ ಮೇರಿ. ಇದು ಬರೆದವರ ತಪ್ಪೇ?

ತಪ್ಪಲ್ಲ. ವಿಶೇಷವಾಗಿ 19ನೆಯ ಶತಮಾನದಲ್ಲಿ ಮತ್ತು 20ನೆಯ ಶತಮಾನದ ಬಹುಭಾಗದಲ್ಲಿ ಗಂಡುಮಗುವಿಗೆ ಜೋಸೆಫ್, ಹೆಣ್ಣುಮಗುವಿಗೆ ಮರಿ (ಮೇರಿಯ ಫ್ರೆಂಚ್ ರೂಪ) ಎಂಬ ಭಕ್ತಿನಾಮವನ್ನು ಮೊದಲಿಗೆ ಇಡುವುದು ವಾಡಿಕೆಯಾಗಿತ್ತು. ಅದರ ನಂತರ ಎಷ್ಟೋ ಬಾರಿ ಜ್ಞಾನತಂದೆ ಅಥವಾ ಜ್ಞಾನತಾಯಿಯ (ಜ್ಞಾನಸ್ನಾನದಲ್ಲಿ ಮಗುವಿನ ಪರವಾಗಿ ನಿಲ್ಲುವವರ) ಹೆಸರು ಬರುತ್ತದೆ; ಮನೆಯಲ್ಲಿ ಕರೆಯುವ ಹೆಸರು ಸಾಮಾನ್ಯವಾಗಿ ಕೊನೆಯದು. ಹಾಗಾಗಿ ಜೋಸೆಫ್ ಆಲ್ಫ್ರೆಡ್ ಎಮಿಲ್ ಎಂದಿದ್ದರೆ ಜನಗಣತಿಯಲ್ಲೂ ಮದುವೆಯಲ್ಲೂ ಅವನನ್ನು ಎಮಿಲ್ ಎಂದೇ ಹುಡುಕಬೇಕು. ಒಂದೇ ಮನೆಯಲ್ಲಿ ಎರಡು ಮಕ್ಕಳಿಗೆ ಕರೆಯುವ ಹೆಸರೂ ಒಂದೇ ಆಗಿದ್ದರೆ, ಮೊದಲನೆಯದರ ಅಂತ್ಯಸಂಸ್ಕಾರದ ದಾಖಲೆಯನ್ನು ಹುಡುಕಿ. ತೀರಿಕೊಂಡ ಮಗುವಿನ ಹೆಸರನ್ನು ಮುಂದಿನ ಮಗುವಿಗೆ ಇಡುತ್ತಿದ್ದರು.

ಪ್ರಶ್ನೆ: ನನ್ನ ಮಗಳು ಮಾಂಟ್ರಿಯಲ್‌ನಲ್ಲಿ ಮದುವೆಯಾದಳು. ಗಂಡನ ಹೆಸರು ಸೇರಿಸಿಕೊಳ್ಳಲು ಕಾನೂನು ಬಿಡುವುದಿಲ್ಲ ಎನ್ನುತ್ತಾಳೆ. ಇದು ನಿಜವೇ? ಹುಟ್ಟುವ ಮಗುವಿಗೆ ಯಾರ ಹೆಸರು?

ನಿಜ. 1981ರ ಏಪ್ರಿಲ್ 2ರಿಂದ ಕ್ವಿಬೆಕ್‌ನಲ್ಲಿ ಗಂಡ-ಹೆಂಡತಿ ಇಬ್ಬರೂ ತಮ್ಮ ತಮ್ಮ ಹುಟ್ಟುಹೆಸರಿನಲ್ಲಿಯೇ ಕಾನೂನಿನ ಹಕ್ಕುಗಳನ್ನು ಚಲಾಯಿಸಬೇಕು. ಆ ದಿನಕ್ಕಿಂತ ಮೊದಲು ಮದುವೆಯಾಗಿ ಗಂಡನ ಕುಲನಾಮ ಬಳಸುತ್ತಿದ್ದವರು ಮಾತ್ರ ಅದನ್ನು ಮುಂದುವರಿಸಬಹುದು. ನೆರೆಹೊರೆಯಲ್ಲಿ, ಆಮಂತ್ರಣ ಪತ್ರಿಕೆಯಲ್ಲಿ ಏನು ಹೇಳಿಕೊಂಡರೂ ಅಡ್ಡಿಯಿಲ್ಲ. ಸರ್ಕಾರಿ ಕಾಗದದಲ್ಲಿ ಹುಟ್ಟುಹೆಸರೇ. ಮಗುವಿಗೆ ತಂದೆಯ ಕುಲನಾಮ, ತಾಯಿಯದು, ಅಥವಾ ಎರಡನ್ನೂ ಜೋಡಿಸಿ ಇಡಬಹುದು, ಆದರೆ ಒಟ್ಟು ಎರಡು ಭಾಗಗಳನ್ನು ಮೀರುವಂತಿಲ್ಲ. ತಂದೆ-ತಾಯಿ ಇಬ್ಬರೂ ಜೋಡಿ ಹೆಸರಿನವರಾಗಿದ್ದರೆ ನಾಲ್ಕರಲ್ಲಿ ಎರಡನ್ನು ಕೈಬಿಡಬೇಕಾಗುತ್ತದೆ. 1980ರ ದಶಕದಲ್ಲಿ ಜೋಡಿ ಹೆಸರು ಹೊತ್ತು ಹುಟ್ಟಿದವರು ಈಗ ತಾವೇ ತಂದೆ-ತಾಯಿಯಾಗಿದ್ದಾರೆ, ಆದ್ದರಿಂದ ಅಣ್ಣ-ತಮ್ಮಂದಿರ ಮಕ್ಕಳು ಬೇರೆ ಬೇರೆ ಕುಲನಾಮದವರಾಗುವ ಹಳೆಯ ಸಂಗತಿ ಹೊಸ ರೀತಿಯಲ್ಲಿ ಮತ್ತೆ ನಡೆಯುತ್ತಿದೆ.

ಆದರೆ ಈ ಕಾನೂನನ್ನು ಪೂರ್ತಿ ಹೊಸತೆಂದು ತಿಳಿಯಬಾರದು. ಊರಿನವರು ‘ಮದಾಮ್ ತ್ರಾಂಬ್ಲೇ’ ಎಂದು ಕರೆಯುತ್ತಿದ್ದ ಹೆಂಗಸು ಚರ್ಚಿನ ಪುಸ್ತಕದಲ್ಲಿ, ನೋಟರಿಯ ಕರಾರಿನಲ್ಲಿ, ಸತ್ತ ಮೇಲೆ ಅಂತ್ಯಸಂಸ್ಕಾರದ ದಾಖಲೆಯಲ್ಲಿಯೂ ತನ್ನ ತವರಿನ ಹೆಸರಿನಿಂದಲೇ ಉಳಿಯುತ್ತಿದ್ದಳು. ವಂಶಾವಳಿ ಬರೆಯುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಒಂದೇ ಪ್ಯಾರಿಷ್‌ನಲ್ಲಿ ಒಂದೇ ಕಾಲಕ್ಕೆ ಇಬ್ಬರು ಜೋಸೆಫ್ ತ್ರಾಂಬ್ಲೇಗಳಿದ್ದರೆ ಅವರನ್ನು ಬೇರ್ಪಡಿಸುವುದು ಅವರ ಹೆಂಡತಿಯರ ಹೆಸರೇ. ತಾಯಿಯ ತಾಯಿ, ಅವಳ ತಾಯಿ ಎಂದು ಹೆಣ್ಣಿನ ಸಾಲನ್ನೇ ಹಿಡಿದು ಹಿಂದೆ ಹೋಗುವುದೂ ಗಂಡಿನ ಸಾಲಿನಷ್ಟೇ ಸುಲಭ. ಆ ಸಾಲಿನ ಕೊನೆಯಲ್ಲಿ ಬಹಳಷ್ಟು ಮಂದಿಗೆ ‘ರಾಜನ ಹೆಣ್ಣುಮಕ್ಕಳು’ ಸಿಗುತ್ತಾರೆ. 1663ರಿಂದ 1673ರವರೆಗೆ ಹದಿನಾಲ್ಕನೆಯ ಲೂಯಿ ತನ್ನ ಖರ್ಚಿನಲ್ಲಿ ಈ ವಸಾಹತಿಗೆ ಕಳುಹಿಸಿದ ಸುಮಾರು 770 ಯುವತಿಯರು ಮತ್ತು ವಿಧವೆಯರು ಇವರು. ಹೆಸರು ಕೇಳಿ ಅರಮನೆಯನ್ನು ಊಹಿಸಿಕೊಳ್ಳಬೇಡಿ; ಅವರಲ್ಲಿ ಅನೇಕರು ಪ್ಯಾರಿಸಿನ ಅನಾಥಾಲಯದಿಂದ ಬಂದವರು.

ಪ್ರಶ್ನೆ: ನಾವು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿದ್ದೇವೆ. ಸೊಸೆಯ ಮನೆತನದ ಹೆಸರು ಗ್ರೀನ್‌ವುಡ್, ಆದರೆ ಅವಳ ಅಜ್ಜಿ ತಾವು ಫ್ರೆಂಚರೆಂದೇ ಹೇಳುತ್ತಾರೆ. ಇಂಗ್ಲಿಷ್ ಹೆಸರಿಟ್ಟುಕೊಂಡು ಕ್ವಿಬೆಕ್‌ನಲ್ಲಿ ಏನನ್ನು ಹುಡುಕುವುದು?

ಬ್ವಾವೇರ್ ಎಂದು ಹುಡುಕಿ ನೋಡಿ. 1840ರಿಂದ 1930ರವರೆಗೆ ಸುಮಾರು ಒಂಬತ್ತು ಲಕ್ಷ ಫ್ರೆಂಚ್-ಕೆನಡಿಯನ್ನರು ಗಡಿ ದಾಟಿ ಅಮೆರಿಕಕ್ಕೆ ಹೋದರು. ಬಹಳಷ್ಟು ಜನ ಲೋವೆಲ್, ಫಾಲ್ ರಿವರ್, ಮ್ಯಾಂಚೆಸ್ಟರ್, ವೂನ್‌ಸಾಕೆಟ್, ಲೂಯಿಸ್ಟನ್‌ಗಳ ಹತ್ತಿಯ ಗಿರಣಿಗಳಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಹೆಸರುಗಳು ಎರಡು ರೀತಿಯಲ್ಲಿ ಬದಲಾದವು. ಕೆಲವನ್ನು ಅರ್ಥ ನೋಡಿ ಇಂಗ್ಲಿಷಿಗೆ ತಿರುಗಿಸಿದರು: ‘ಹಸಿರು ಕಾಡು’ ಎಂಬರ್ಥದ ಬ್ವಾವೇರ್ ಗ್ರೀನ್‌ವುಡ್ ಆಯಿತು, ಲೆಬ್ಲಾಂ ವೈಟ್ ಆಯಿತು, ಲೆವೆಕ್ ಬಿಷಪ್ ಆಯಿತು, ರ್ವಾ ಕಿಂಗ್ ಆಯಿತು. ಇನ್ನು ಕೆಲವನ್ನು ಇಂಗ್ಲಿಷ್ ಗುಮಾಸ್ತ ಕೇಳಿಸಿದಂತೆ ಬರೆದುಕೊಂಡ: ತಿಬೋ ಟೀಬೋ ಆಗಿ, ಆರ್ಶಾಂಬೋ ಶಾಂಬೋ ಆಗಿ ಉಳಿಯಿತು.

ಆದರೂ ಅರ್ಥದಿಂದ ಊಹಿಸಿದ ಹೆಸರು ಊಹೆಯೇ. ಅದನ್ನು ದೃಢಪಡಿಸಲು ಅಮೆರಿಕದ ಆ ಊರಿನ ಫ್ರೆಂಚ್ ಪ್ಯಾರಿಷ್‌ನ ರಿಜಿಸ್ಟರನ್ನೇ ನೋಡಬೇಕು. ಗಿರಣಿಯ ಹಾಜರಿ ಪುಸ್ತಕದಲ್ಲಿ ಗ್ರೀನ್‌ವುಡ್ ಆಗಿದ್ದವನನ್ನೇ ಕ್ವಿಬೆಕ್‌ನಿಂದ ಬಂದ ಪಾದ್ರಿ ಭಾನುವಾರ ಬ್ವಾವೇರ್ ಎಂದು ಬರೆದುಕೊಂಡಿರುವ ಸಾಧ್ಯತೆ ಹೆಚ್ಚು, ಮತ್ತು ಮದುವೆಯ ದಾಖಲೆಯಾದರೆ ತಂದೆ-ತಾಯಿ ಯಾವ ಕ್ವಿಬೆಕ್ ಪ್ಯಾರಿಷ್‌ನವರು ಎಂಬುದೂ ಅಲ್ಲೇ ಸಿಗಬಹುದು. ಅಜ್ಜಿಯ ತವರಿನ ಹೆಸರನ್ನು ಮರೆಯದೆ ಕೇಳಿಟ್ಟುಕೊಳ್ಳಿ. ಗಂಡನ ಹೆಸರು ಎಷ್ಟೇ ಬದಲಾಗಿದ್ದರೂ ಆ ಜೋಡಿಯನ್ನು ಅಜ್ಜಿಯ ತವರಿನ ಹೆಸರಿನಿಂದ ಹಿಡಿಯಬಹುದು.

ಪ್ರಶ್ನೆ: ಒಂದು ಮದುವೆಯ ದಾಖಲೆಯಲ್ಲಿ ‘ನಾಲ್ಕನೆಯ ಹಂತದ ರಕ್ತಸಂಬಂಧಕ್ಕೆ ವಿನಾಯಿತಿ ನೀಡಲಾಗಿದೆ’ ಎಂದಿದೆ. ಇದೇನು?

ವಧೂವರರು ದೂರದ ನೆಂಟರು ಎಂದರ್ಥ. ಇಬ್ಬರಿಗೂ ಸಮಾನರಾದ ಪೂರ್ವಜರಿಂದ ಕೆಳಗೆ ಎಣಿಸುತ್ತಾ ಬರಬೇಕು: ಅಜ್ಜ-ಅಜ್ಜಿ ಒಂದೇ ಆಗಿದ್ದರೆ ಎರಡನೆಯ ಹಂತ, ಮುತ್ತಜ್ಜ-ಮುತ್ತಜ್ಜಿ ಒಂದೇ ಆಗಿದ್ದರೆ ಮೂರನೆಯದು, ಅದಕ್ಕೂ ಹಿಂದಿನ ತಲೆಮಾರಾದರೆ ನಾಲ್ಕನೆಯದು. 1917ರ ಚರ್ಚ್ ಕಾನೂನು ಮೂರನೆಯ ಹಂತಕ್ಕೆ ಮಿತಿಗೊಳಿಸುವವರೆಗೂ ನಾಲ್ಕನೆಯ ಹಂತಕ್ಕೂ ಅನುಮತಿ ಬೇಕಾಗಿತ್ತು. 1666ರಲ್ಲಿ ವಸಾಹತಿನ ಆಡಳಿತಾಧಿಕಾರಿ ಝಾನ್ ತಾಲೋಂ ನಡೆಸಿದ ಜನಗಣತಿಯಲ್ಲಿ ಸಿಕ್ಕಿದ್ದು 3,215 ಮಂದಿ. ಅಷ್ಟು ಚಿಕ್ಕ ಬುಡದಿಂದ ಬೆಳೆದ ಸಮಾಜದಲ್ಲಿ ನೆಂಟರೊಳಗೆ ಮದುವೆ ತಪ್ಪಿಸುವುದು ಸುಲಭವಿರಲಿಲ್ಲ. 1657ರ ಅಕ್ಟೋಬರ್ 2ರಂದು ಕ್ವಿಬೆಕ್‌ನಲ್ಲಿ ಮದುವೆಯಾದ ಪಿಯೇರ್ ತ್ರಾಂಬ್ಲೇ ಮತ್ತು ಓಜಾನ್ ಆಶೋಂ ಎಂಬ ಒಂದೇ ದಂಪತಿಯಿಂದ ಕ್ವಿಬೆಕ್‌ನ ತ್ರಾಂಬ್ಲೇಗಳೆಲ್ಲರೂ ಬಂದಿದ್ದಾರೆ, ಮತ್ತು ಅದು ಆ ಪ್ರಾಂತ್ಯದಲ್ಲಿ ಅತಿ ಹೆಚ್ಚು ಕಾಣುವ ಕುಲನಾಮಗಳಲ್ಲೊಂದು. ವಿನಾಯಿತಿಯ ಸಾಲು ನಿಮಗೆ ಒಳ್ಳೆಯ ಪರೀಕ್ಷೆಯೂ ಹೌದು: ನೀವು ಬರೆದ ವಧು-ವರರ ವಂಶದ ಎರಡೂ ಸಾಲುಗಳು ಆ ಹಂತದಲ್ಲಿ ಕೂಡದಿದ್ದರೆ, ಎಲ್ಲೋ ಒಬ್ಬ ತಪ್ಪು ಜೋಸೆಫನನ್ನು ಹಿಡಿದಿದ್ದೀರಿ.

ಪ್ರಶ್ನೆ: ಅಳಿಯನ ಪೂರ್ವಜರಲ್ಲಿ ಒಬ್ಬಳು ಮೂಲನಿವಾಸಿ ಮಹಿಳೆ ಎಂಬ ಮಾತು ಮನೆಯಲ್ಲಿದೆ. ಇದನ್ನು ಹೇಗೆ ಖಚಿತಪಡಿಸಿಕೊಳ್ಳುವುದು?

ಅದೇ ವಿಧಾನದಿಂದ, ಮದುವೆಯಿಂದ ಮದುವೆಗೆ. ದಾಖಲೆಯಲ್ಲಿ ಸಿಕ್ಕ ಇಂಥ ಮದುವೆಗಳಲ್ಲಿ ಬಹಳ ಹಳೆಯದು 1644ರಲ್ಲಿ ಕ್ವಿಬೆಕ್‌ನಲ್ಲಿ ನಡೆದ ಮಾರ್ತಾಂ ಪ್ರೆವೋ ಮತ್ತು ಮರಿ ಒಲಿವಿಯೇ ಮನಿತುವಾಬೆವಿಚ್ ಅವರದು, ಮತ್ತು ಆ ದಂಪತಿಯ ಸಂತತಿ ಇಂದು ದೊಡ್ಡದು. ಸರಪಳಿಯ ಒಂದೊಂದು ಕೊಂಡಿಗೂ ರಿಜಿಸ್ಟರಿನ ಪುಟ ಸಿಕ್ಕರೆ ಮಾತ್ರ ಒಪ್ಪಿಕೊಳ್ಳಿ. ಅಂತರಜಾಲದ ವಂಶವೃಕ್ಷಗಳಲ್ಲಿ ಫ್ರಾನ್ಸಿನಿಂದ ಬಂದ ಹೆಂಗಸರನ್ನೇ, ತಂದೆ-ತಾಯಿಯ ದಾಖಲೆ ಸಿಗಲಿಲ್ಲ ಎಂಬ ಒಂದೇ ಕಾರಣಕ್ಕೆ, ಮೂಲನಿವಾಸಿಗಳೆಂದು ಬರೆದಿರುವುದುಂಟು. ಸಂಬಂಧ ಖಚಿತವಾದರೂ, ಹತ್ತು-ಹನ್ನೆರಡು ತಲೆಮಾರಿನ ಹಿಂದಿನ ಒಬ್ಬ ಅಜ್ಜಿಯಿಂದ ಯಾರೂ ಇಂದಿನ ಮೂಲನಿವಾಸಿ ಸಮುದಾಯದ ಸದಸ್ಯರಾಗುವುದಿಲ್ಲ. ಯಾರು ತಮ್ಮವರು ಎಂಬುದನ್ನು ಆ ಸಮುದಾಯಗಳು ತಮ್ಮದೇ ನಿಯಮಗಳಿಂದ ನಿರ್ಧರಿಸುತ್ತವೆ. ವಂಶವೃಕ್ಷದಲ್ಲಿ ಅವಳ ಹೆಸರನ್ನು, ದಾಖಲೆಯಲ್ಲಿರುವ ಅಷ್ಟೂ ವಿವರಗಳೊಂದಿಗೆ, ಅವಳ ಜಾಗದಲ್ಲಿ ಬರೆಯಿರಿ.